ಐದನೆಯ ಶಿಫಾರಸು

ಭಾನುವಾರ, ಹನ್ನೊಂದನೇ ತಾರೀಖು

ಪ್ರೀತಿಯ ಚಿನ್ನಿಗೆ,

ಅಪ್ಪ ಮಾಡುವ ಆಶೀರ್ವಾದಗಳು. ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡ. ದಿನಕ್ಕೆ ನಲವತ್ತು ಪುಟ ಬೇರೆಯವರ ಮಾತು ಟೈಪು ಮಾಡುವವನಿಗೆ ತನ್ನ ಮಾತನ್ನು ಒಂದು ಪುಟ ಬರೆಯಲು ಇಷ್ಟು ಕಷ್ಟವಾಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಎರಡು ಸಲ ಬರೆದು ಹರಿದೆ. ಮೂರನೇ ಸಲ ಹಾಳೆ ತೆಗೆದಾಗ ನಿನ್ನ ಅಮ್ಮ, “ಹರಿಯೋದಕ್ಕೇ ಕಾಗದ ತರ್ತೀರಾ? ನನಗಾದ್ರೂ ಕೊಡಿ, ಅಳತೆ ಬರ್ಕೋತೀನಿ” ಎಂದಳು. ಆದ್ದರಿಂದ ಇದನ್ನು ಹರಿಯುವುದಿಲ್ಲ.

ನಾವಿಬ್ಬರೂ ಆರಾಮ. ಅಮ್ಮನ ಮಂಡಿನೋವು ಹೊಲಿಗೆ ಮೆಷಿನ್ ತುಳಿಯುವಾಗ ಇರುವುದಿಲ್ಲವಂತೆ, ನಾನು ಏನಾದರೂ ಕೆಲಸ ಹೇಳಿದಾಗ ಮಾತ್ರ ಬರುತ್ತದಂತೆ. ಮೇಲಿನ ಮನೆಯ ನಿವೃತ್ತ ಕಂಡಕ್ಟರ್ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, “ಮಗಳು ಡಾಕ್ಟರೇಟ್ ಮುಗಿಸಿದ್ಲಲ್ಲ, ಇನ್ನೇನ್ರೀ ಬಾಕಿ?” ಎಂದು ತಡೆದು ನಿಲ್ಲಿಸುತ್ತಾನೆ. ಡಾಕ್ಟರೇಟ್ ಆದ ಮೇಲೆ ಒಂದು ದೊಡ್ಡ ಲ್ಯಾಬಿನಲ್ಲಿ ಎರಡು ಮೂರು ವರ್ಷ ಸ್ವಂತ ಸಂಶೋಧನೆ ಮಾಡಬೇಕು, ಅದನ್ನು ಪೋಸ್ಟ್‌ಡಾಕ್ ಅನ್ನುತ್ತಾರೆ, ಅದಿಲ್ಲದೆ ಯಾವ ವಿಶ್ವವಿದ್ಯಾಲಯವೂ ಪಾಠ ಮಾಡುವ ಕುರ್ಚಿ ಕೊಡುವುದಿಲ್ಲ ಎಂದು ಮೂರು ಸಲ ವಿವರಿಸಿದೆ. “ಅಂದ್ರೆ ಪಾಸಾದ್ಮೇಲೂ ಅದೇ ಕ್ಲಾಸಲ್ಲಿ ಕೂರೋದು” ಎಂದು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡ. ಅವನಿಗೆ ಹೇಳಿ ಹೇಳಿ ನನಗೇ ವಿಷಯ ಪೂರ್ತಿ ಅರ್ಥವಾಯಿತು.

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. “ಸಾಕಪ್ಪ. ನಾಲ್ಕು ಕಡೆ ಅರ್ಜಿ ಹಾಕಿದೆ, ನಾಲ್ಕು ಕಡೆಯೂ ಬೇಡ ಅಂದರು. ಒಂದು ಕಡೆಯವರು ಬಾಯಿಬಿಟ್ಟೇ ಹೇಳಿದರು, ನಿನ್ನ ಗುರುಗಳ ಶಿಫಾರಸಿನಲ್ಲಿ ಸತ್ವವೇ ಇಲ್ಲ ಅಂತ. ಐದು ವರ್ಷ ದುಡಿಸಿಕೊಂಡವರು ಎರಡು ಒಳ್ಳೆ ಮಾತು ಬರೆಯಲಾರದೆ ಹೋದರು. ನಮ್ಮ ಜನರ ಬಗ್ಗೆ ಅವರಿಗೆ ಇರುವ ಗೌರವವೇ ಅಷ್ಟು” ಎಂದು ಬರೆದಿದ್ದೀಯ. ಈ ತಿಂಗಳ ಕೊನೆಗೆ ಟ್ಯೂಷನ್ ಸೆಂಟರಿನವರ ಕಾಗದಕ್ಕೆ ಸಹಿ ಹಾಕಿ, ಆರು ವರ್ಷ ಅಲ್ಲೇ ಪಾಠ ಮಾಡುತ್ತೇನೆ ಅನ್ನುತ್ತೀಯ. ಗುರುಗಳ ಫೋನನ್ನೂ ತೆಗೆಯುತ್ತಿಲ್ಲವಂತೆ. ವಿಭಾಗದಲ್ಲಿ ಅವರೇ ನನ್ನ ಟೈಪಿಂಗ್ ಮೇಜಿನ ಹತ್ತಿರ ಬಂದು ಹೇಳಿಕೊಂಡರು.

ಕಳೆದ ವಾರ ನಮ್ಮ ವಿಭಾಗಕ್ಕೆ ಒಬ್ಬ ಮೇಡಂ ಬಂದಿದ್ದರು. ಇದುವರೆಗೆ ಪ್ರೊಫೆಸರ್ ಕುರ್ಚಿಯ ಹತ್ತಿರವೂ ಸುಳಿಯದ ಸಮುದಾಯದ ಮಕ್ಕಳಿಗಾಗಿ ಹೊಸ ಪೋಸ್ಟ್‌ಡಾಕ್ ಫೆಲೋಶಿಪ್ ಮಾಡಿದ್ದಾರಲ್ಲ, ನಾನು ನಿನಗೆ ಜಾಹೀರಾತು ಕಳಿಸಿದ್ದೆನಲ್ಲ, ಅದರ ಆಯ್ಕೆ ಸಮಿತಿಯವರು. ಅಂಥ ಅವಕಾಶಗಳನ್ನು ಹುಡುಕುವುದು ಹೇಗೆ ಎಂದು ಹೇಳಲು ಬಂದಿದ್ದರು. ಬಂದಿದ್ದ ವಿದ್ಯಾರ್ಥಿಗಳು ಹನ್ನೊಂದೇ ಮಂದಿ. ನಾನು ಹಿಂದಿನ ಸಾಲಿನಲ್ಲಿ ಟಿಪ್ಪಣಿ ಬರೆದುಕೊಳ್ಳಲು ಕೂತಿದ್ದೆ.

“ನಾನು ಓದುವಾಗ ಇಡೀ ಬಿಲ್ಡಿಂಗಲ್ಲಿ ನಮ್ಮವರು ಅಂತ ಇದ್ದದ್ದು ಇಬ್ಬರೇ” ಎಂದು ಶುರು ಮಾಡಿದರು. “ಇನ್ನೊಬ್ಬರು ಬೆಳಿಗ್ಗೆ ಗುಡಿಸೋಕೆ ಬರ್ತಿದ್ರು.” ಮಕ್ಕಳು ನಕ್ಕರು, ಆಮೇಲೆ ನಗಬಾರದಿತ್ತೇನೋ ಎಂದು ಸುಮ್ಮನಾದರು. ಅವರು ಹೇಳಿದ್ದನ್ನೆಲ್ಲ ನಿನಗೆಂದು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದ್ದೇನೆ. ಜಾಹೀರಾತು ಬರಲಿ ಎಂದು ಕಾಯಬೇಡಿ. ಯಾರ ಲ್ಯಾಬು ಇಷ್ಟವೋ ಅವರ ಬರಹ ಓದಿ, ನೇರವಾಗಿ ಅವರಿಗೇ ಬರೆಯಿರಿ, ಉದ್ದ ಬೇಡ. ಪರಿಚಯವಿಲ್ಲವೆಂದು ಹಿಂಜರಿಯಬೇಡಿ, ಪರಿಚಯ ಇರುವವರ ಮಕ್ಕಳು ಯಾರೂ ಹಿಂಜರಿಯುವುದಿಲ್ಲ. ಸಮುದಾಯದ ಕಾಲಮ್ಮಿನಲ್ಲಿ ಗುರುತು ಹಾಕುವಾಗ ತಲೆ ತಗ್ಗಿಸಬೇಡಿ, ಆ ಕಾಲಮ್ಮು ನಿಮಗೆ ಯಾರೋ ಹಾಕಿದ ಭಿಕ್ಷೆಯಲ್ಲ. ಇದನ್ನು ಹೇಳುವಾಗ ಅವರ ದನಿ ಗಟ್ಟಿಯಾಯಿತು.

ಕೊನೆಗೆ, ತಾವು ಹಿಂದೆ ಕೂತಿದ್ದ ಬೇರೆ ಆಯ್ಕೆ ಸಮಿತಿಗಳಿಗೆ ಬಂದಿದ್ದ ಎರಡು ಶಿಫಾರಸು ಪತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಹೆಸರು, ಊರು, ಸಹಿ ಎಲ್ಲಕ್ಕೂ ಕಪ್ಪು ಪಟ್ಟಿ ಹಚ್ಚಿದ್ದರು. ಮೊದಲನೆಯದರಲ್ಲಿ, ಈತ ಕೇಳಿದ ಪ್ರಶ್ನೆಗಳು ನಮ್ಮ ಲ್ಯಾಬಿನ ದಿಕ್ಕನ್ನೇ ಬದಲಿಸಿದವು ಎಂದಿತ್ತು. ಎರಡನೆಯದರಲ್ಲಿ, ಈಕೆ ವಿನಯವಂತೆ, ಸಮಯಕ್ಕೆ ಸರಿಯಾಗಿ ಬರುತ್ತಾಳೆ, ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಾಳೆ, ಹಿರಿಯರಿಗೆ ಎದುರು ಮಾತಾಡಿದವಳಲ್ಲ ಎಂದಿತ್ತು.

“ಇದನ್ನ ಮೂರು ಸಲ ಓದ್ದೆ” ಎಂದರು ಮೇಡಂ. “ಈ ಹುಡುಗಿ ಏನು ಕಂಡುಹಿಡಿದ್ಲು ಅಂತ ಎಲ್ಲೂ ಇಲ್ಲ. ಮನೆಗೆಲಸಕ್ಕೆ ಯಾರನ್ನಾದ್ರೂ ಕಳಿಸುವಾಗ ಬರ್ಕೊಡೋ ಚೀಟಿ ಇದು. ಬರೆದವರು ಕೆಟ್ಟವರೇನಲ್ಲ, ಒಳ್ಳೇದೇ ಬಯಸಿದ್ದಾರೆ. ನಮ್ಮ ಮಕ್ಕಳಿಗೆ ಬರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಹೀಗೇ ಇರ್ತವೆ. ಸಮಿತಿಯಲ್ಲಿ ಯಾರೂ ಬೈಯಲ್ಲ, ಪಾಪ ಒಳ್ಳೆ ಹುಡುಗಿ ಅಂತಾರೆ, ಮುಂದಿನ ಫೈಲ್ ತೆಗೀತಾರೆ.”

ಚಿನ್ನಿ, ಅದು ನಿನ್ನ ಪತ್ರ. ನಾನು ಟೈಪು ಮಾಡಿದ್ದು. ಕಪ್ಪು ಪಟ್ಟಿ ಹಚ್ಚಿದರೆ ನನ್ನ ಕೈಯಲ್ಲಿ ಬಂದ ಪುಟ ನನಗೆ ಗೊತ್ತಾಗುವುದಿಲ್ಲವೇ? ಆಮೇಲೆ ಅವರು ಏನು ಹೇಳಿದರೋ ನನ್ನ ಟಿಪ್ಪಣಿಯಲ್ಲಿಲ್ಲ.

ಮಾರನೇ ದಿನ ನಿನ್ನ ಗುರುಗಳ ಕೊಠಡಿಗೆ ಹೋದೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಕರೆಯದೆ ಆ ಬಾಗಿಲು ತಳ್ಳಿದ್ದು ಅದೇ ಮೊದಲು. ಹಳೆಯ ಪತ್ರದ ಪ್ರತಿಯನ್ನು ಮೇಜಿನ ಮೇಲಿಟ್ಟು, “ಸಾರ್, ದಯವಿಟ್ಟು ಇದನ್ನ ಒಂದ್ಸಲ ಓದಿ” ಎಂದೆ. ಅವರು ಓದಿದರು. ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು.

“ಇದಕ್ಕೆ ನಾನು ಸಹಿ ಹಾಕಿದ್ದೀನಾ?”

“ಹೌದು ಸಾರ್. ನಾಲ್ಕು ಸಲ.”

ಅವರು ಇದ್ದಕ್ಕಿದ್ದಂತೆ ಗುಡುಗಿದರು. “ಎದುರು ಮಾತಾಡಿದವಳಲ್ಲವಂತೆ! ನಿಮ್ಮ ಮಗಳು ಎರಡನೇ ವರ್ಷದಲ್ಲಿ ಇದೇ ಮೇಜಿನ ಮುಂದೆ ನಿಂತು ಏನಂದ್ಲು ಗೊತ್ತೇನ್ರೀ? ಸಾರ್, ಬೇರು ತೊಳೆಯೋ ನಿಮ್ಮ ಕ್ರಮದಲ್ಲೇ ಬೇರೊಳಗಿರೋ ಶಿಲೀಂಧ್ರ ಸಾಯ್ತಿದೆ, ಅದಕ್ಕೇ ಹತ್ತು ವರ್ಷದಿಂದ ನಿಮಗೆ ಕಾಣಿಸ್ತಿಲ್ಲ ಅಂದ್ಲು. ಎರಡು ದಿನ ನಾನು ಅವಳ ಜೊತೆ ಮಾತು ಬಿಟ್ಟೆ. ಮೂರನೇ ದಿನ ಅವಳು ಹೇಳಿದ ಹಾಗೆ ತೊಳೆದು ನೋಡ್ದೆ. ಇತ್ತು ಕಣ್ರೀ! ಉಪ್ಪು ನೆಲದಲ್ಲಿ ನಾವು ಅಧ್ಯಯನ ಮಾಡೋ ಗಿಡ ಬದುಕೋದೇ ಅದರಿಂದ.”

ನೀನು ಮನೆಯಲ್ಲಿ ಇದನ್ನು ಹೇಳಲೇ ಇಲ್ಲ. ಅಥವಾ ಹೇಳಿದ್ದೆಯೋ, ನಾನು ಬೇರು ನೀರು ಎಂದಷ್ಟೇ ಕೇಳಿಸಿಕೊಂಡು ಹೂಂಗುಟ್ಟಿದೆನೋ.

ಅಂದು ಮಧ್ಯಾಹ್ನವೆಲ್ಲ ಅವರು ಬಾಗಿಲು ಹಾಕಿಕೊಂಡು ತಮ್ಮ ಕೈಯಿಂದಲೇ ಹೊಸ ಪತ್ರ ಬರೆದರು. ಹೊಡೆದು ಹಾಕಿ, ಬಾಣದ ಗುರುತು ಹಾಕಿ, ಅಂಚಿನಲ್ಲೆಲ್ಲ ಗೀಚಿ, ಎರಡೂವರೆ ಪುಟ. ನಾನೇ ಟೈಪು ಮಾಡಿದೆ. ಅದರಲ್ಲಿ ಏನಿದೆ ಎಂದು ನಿನಗೆ ಹೇಳುವುದು ನಿಯಮಕ್ಕೆ ವಿರುದ್ಧ. ನೀನು ಒಳ್ಳೆ ಹುಡುಗಿ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ ಎಂದಷ್ಟೇ ಹೇಳುತ್ತೇನೆ. ಟೈಪು ಮಾಡುತ್ತಾ ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಪತ್ರ ನೇರ ಹೊಸ ಫೆಲೋಶಿಪ್ಪಿನ ಸಮಿತಿಗೆ ಹೋಗಿದೆ. ನಿನ್ನ ಅರ್ಜಿಯೊಂದೇ ಬಾಕಿ. ಇಪ್ಪತ್ತೆಂಟು ಕೊನೆಯ ದಿನ. ಟ್ಯೂಷನ್ ಸೆಂಟರಿನವರಿಗೆ ಫಲಿತಾಂಶ ಬರುವತನಕ ಏನಾದರೂ ನೆಪ ಹೇಳು, ನೆಪ ಹೇಳುವುದರಲ್ಲಿ ನೀನು ನಿನ್ನ ಅಮ್ಮನ ಮಗಳೇ. ಐದನೆಯವರೂ ಬೇಡವೆಂದರೆ ಆಗ ನಿನ್ನಿಷ್ಟ, ನಾನು ತುಟಿಪಿಟಕ್ಕೆನ್ನುವುದಿಲ್ಲ. ಆದರೆ ನಾಲ್ಕು ಸಲ ಅವರು ಬೇಡವೆಂದದ್ದು ನಿನ್ನನ್ನಲ್ಲ. ನೀನು ಯಾರೆಂದು ಅವರಿಗೆ ಇನ್ನೂ ಯಾರೂ ಹೇಳಿಯೇ ಇರಲಿಲ್ಲ.

ಅಮ್ಮ ನಿನಗಾಗಿ ಹೊಸ ಲ್ಯಾಬ್ ಕೋಟು ಹೊಲಿಯುತ್ತಿದ್ದಾಳೆ. ಇನ್ನೂ ಏನೂ ಆಗಿಲ್ಲವಲ್ಲ ಎಂದರೆ, “ಕೋಟಿಗೆ ಯಾರ ಶಿಫಾರಸೂ ಬೇಕಿಲ್ಲ” ಎನ್ನುತ್ತಾಳೆ. ಚೆನ್ನಾಗಿ ಊಟ ಮಾಡು, ಕಣ್ಣು ಕೆಡಿಸಿಕೊಳ್ಳಬೇಡ. ನೀನು ಹೋಗಬೇಕೆಂದಿರುವಲ್ಲಿಗೆ ಹೋಗು, ಅಲ್ಲಿ ನಿನಗೊಂದು ಕುರ್ಚಿ ಸಿಗಲಿ, ಅದರಲ್ಲಿ ನೀನು ನೆಟ್ಟಗೆ ಕೂರುವಂತಾಗಲಿ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ. ಪತ್ರವನ್ನು ಲಕೋಟೆಗೆ ಹಾಕಿದವನು ಮತ್ತೆ ತೆಗೆದೆ.

ಗುರುಗಳ ಮೇಲಿನ ಸಿಟ್ಟು ಬಿಡು. ಆ ಹಳೆಯ ಪತ್ರ ಅವರು ಬರೆದದ್ದಲ್ಲ. ನಿನ್ನ ಮೊದಲನೇ ಅರ್ಜಿಯ ಹೊತ್ತಿಗೆ ಅವರು ಎಲ್ಲಿಗೋ ಹೊರಡುವ ಅವಸರದಲ್ಲಿದ್ದರು. “ನಿಮ್ಮ ಮಗಳನ್ನ ನಿಮಗಿಂತ ಬಲ್ಲವರು ಯಾರ್ರೀ? ನೀವೇ ಬರೆದಿಡಿ, ಬಂದು ಸಹಿ ಹಾಕ್ತೀನಿ” ಎಂದರು. ಓದದೆ ಹಾಕಿದ್ದು ಅವರ ತಪ್ಪು. ಅದನ್ನು ಅವರೇ ಒಪ್ಪಿಕೊಂಡು, “ಅವಳಿಗೆ ಹೇಳ್ಬೇಡಿ. ಸಹಿ ನಂದು, ಬೈಗುಳಾನೂ ನಂಗೇ ಇರ್ಲಿ” ಎಂದರು. ಎರಡು ತಿಂಗಳಿಂದ ನೀನು ಫೋನಿನಲ್ಲಿ ಅವರನ್ನು ಬೈದದ್ದನ್ನೆಲ್ಲ ನಾನು ಬಾಯಿಗೆ ಬೀಗ ಹಾಕಿಕೊಂಡು ಕೇಳಿದೆ. ಇನ್ನು ಆಗುವುದಿಲ್ಲ.

ಒಂದು ವಾರ ಊಟದ ವಿರಾಮದಲ್ಲಿ ಕೂತು ಆ ಪತ್ರ ಬರೆದೆ, ಚಿನ್ನಿ. ನನ್ನ ಒಂದು ಮಾತಿಗೆ ನೀನು ಹತ್ತು ಮಾತಾಡುವವಳು ಎಂದು ನನಗೆ ಗೊತ್ತಿಲ್ಲವೇ? ಹೊರಗಿನವರು ನಿನ್ನನ್ನು ಕಂಡು ಹೆದರಬಾರದು ಎಂದು ಅದನ್ನು ಮುಚ್ಚಿಟ್ಟೆ. ಉಳಿದ ಮಾತುಗಳೂ ನನ್ನ ಸ್ವಂತದವಲ್ಲ. ನನ್ನ ಕೆಲಸ ಕಾಯಂ ಆಗುವಾಗ ಆಗಿನ ಮುಖ್ಯಸ್ಥರು ನನ್ನ ಬಗ್ಗೆ ಬರೆದುಕೊಟ್ಟದ್ದು. ಅಂದು ಅದನ್ನು ಓದಿ ನಾನು ಸಂತೋಷಕ್ಕೆ ಅತ್ತಿದ್ದೆ. ಒಬ್ಬ ಮನುಷ್ಯನ ಬಗ್ಗೆ ಅದಕ್ಕಿಂತ ದೊಡ್ಡ ಮಾತು ಇರಬಹುದೆಂದು ನನಗೆ ಗೊತ್ತಿರಲಿಲ್ಲ, ಮಗಳೇ.