ದೇವರಿಗೆಂದು ಬರೆದ ಚೀಟಿಗಳನ್ನು ಓದಿದವರಿಗೆ

ಚಾಮರಾಜಪೇಟೆ, ಬೆಂಗಳೂರು
೬ ಜುಲೈ ೧೯೫೩

ಬ್ಯಾಪ್ಟಿಸ್ಟ್ ಸಭೆಗಳ ಒಕ್ಕೂಟದ ಕಾರ್ಯದರ್ಶಿಗಳಾದ ಮಾನ್ಯರೇ,

ನಮ್ಮ ಸಭೆಯ ಜನರು ದೇವರೊಬ್ಬನೇ ಓದುತ್ತಾನೆಂದು ನಂಬಿ ಬರೆದುಕೊಟ್ಟ ಚೀಟಿಗಳನ್ನು ನೀವು ಓದಿದಿರಿ. ಓದಿ ಜೋಪಾನವಾಗಿ ಇಟ್ಟುಕೊಂಡಿರಿ. ಮೂರು ತಿಂಗಳಾದ ಮೇಲೆ ಅದೇ ಚೀಟಿಗಳನ್ನು ಹಿಡಿದುಕೊಂಡು ಬಂದು ಹದಿನಾರು ಮಂದಿಯನ್ನು ಸಭೆಯಿಂದ ಹೊರಗೆ ಹಾಕಿಸಿದಿರಿ. ತಟ್ಟೆ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗಿ ಆ ಚೀಟಿಗಳನ್ನು ಕೂಡಿಸಿಕೊಟ್ಟವನು ನಾನು, ಈ ಸಭೆಯ ಪಾಲಕ.

ಇದರ ಬಗ್ಗೆ ಎರಡು ಸಲ ನಿಮಗೆ ಖಾಸಗಿಯಾಗಿ ಬರೆದೆ. ಉತ್ತರವಿಲ್ಲ. ಹೋದ ವಾರ ಮಲ್ಲೇಶ್ವರದ ನಿಮ್ಮ ಕಚೇರಿಗೇ ಬಂದೆ. ಕಾರ್ಯದರ್ಶಿಗಳು ತಣ್ಣಗಾದ ನಂಬಿಕೆಗೆ ಮತ್ತೆ ಜೀವ ತುಂಬುವ ಉಜ್ಜೀವನ ಕೂಟಕ್ಕೆ ತುಮಕೂರಿಗೆ ಹೋಗಿದ್ದಾರೆ ಎಂದರು ಗುಮಾಸ್ತರು. "ಅಲ್ಲೂ ಚೀಟಿ ಬರೆಸ್ತಾರಾ?" ಎಂದು ಕೇಳಿದೆ. "ಬರೆಸದೆ ಹೇಗೆ ಸ್ವಾಮಿ, ಹೊಸದಾಗಿ ಐನೂರು ಲಕೋಟೆ ತರಿಸಿದೀವಲ್ಲ" ಎಂದರು. ಆದ್ದರಿಂದ ಈ ಪತ್ರ ಬಹಿರಂಗವಾಗಿದೆ. ಇದನ್ನು ನಿಮಗಿಂತ ಮೊದಲು ತುಮಕೂರಿನವರು ಓದಿದರೆ ನನಗೆ ಸಂತೋಷ.

ನಾನು ಉಜ್ಜೀವನದ ವಿರೋಧಿಯೆಂದು ನಿಮ್ಮವರು ಹೇಳುತ್ತಾ ತಿರುಗುತ್ತಿದ್ದಾರಂತೆ. ಮಾನ್ಯರೇ, ಅದನ್ನು ನನ್ನಷ್ಟು ಬಯಸಿದವರು ಯಾರಿದ್ದರು? ನಾಲ್ಕು ವರ್ಷ ನಮ್ಮಲ್ಲಿ ಒಬ್ಬರಿಗೂ ದೀಕ್ಷಾಸ್ನಾನವಾಗಿರಲಿಲ್ಲ. ಸ್ನಾನದ ತೊಟ್ಟಿಯಲ್ಲಿ ನೀರಿನ ಬದಲು ಕಾಲು ಮುರಿದ ಕುರ್ಚಿಗಳಿದ್ದವು. ಜನ ಹಾಡುತ್ತಿದ್ದರು, ಕಣ್ಣು ಗಡಿಯಾರದ ಮೇಲೆ ಇರುತ್ತಿತ್ತು. ಅಂಥ ಹೊತ್ತಿನಲ್ಲಿ ನೀವು ನಮ್ಮ ಮನೆಗೆ ಬಂದು, ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು, "ನೀವು ಮುಂದೆ ನಿಂತರೆ ಜನ ನಂಬ್ತಾರೆ, ಏಕಾಂತಯ್ಯನವರೇ" ಎಂದಿರಿ. ನಾನು ಮುಂದೆ ನಿಂತೆ. ಜನ ನಂಬಿದರು. ನಿಮ್ಮ ಲೆಕ್ಕಾಚಾರ ತಪ್ಪಲಿಲ್ಲ.

ಕಳೆದ ಡಿಸೆಂಬರಿನ ಹತ್ತು ದಿನಗಳ ಕೂಟ ನಿಮಗೆ ನೆನಪಿರಬೇಕು. ಎಂಟನೆಯ ದಿನ ಎಲ್ಲರಿಗೂ ಒಂದೊಂದು ಚೀಟಿ, ಒಂದೊಂದು ಲಕೋಟೆ ಹಂಚಿದಿರಿ. ಮನಸ್ಸನ್ನು ಭಾರ ಮಾಡಿರುವುದೇನೋ ಅದನ್ನು ಬರೆದು, ಹೆಸರು ಹಾಕಿ, ಅಂಟಿಸಿ ಕೊಡಿ, ಕೊನೆಯ ದಿನ ಒಟ್ಟಿಗೆ ಸುಟ್ಟುಬಿಡೋಣ ಎಂದಿರಿ. ಸುಡುವುದಕ್ಕೆ ಹೆಸರು ಯಾಕೆ ಎಂದು ಕೇಳುವಷ್ಟು ಬುದ್ಧಿ ನನಗಿರಬೇಕಾಗಿತ್ತು. ಕೇಳಲಿಲ್ಲ.

ನಮ್ಮ ಸಭೆಯ ಚಿಕ್ಕಮುನಿಯಮ್ಮನವರು ಕಲಾಸಿಪಾಳ್ಯದಲ್ಲಿ ಸೊಪ್ಪು ಮಾರುತ್ತಾರೆ. ಗಂಡ ತೀರಿಕೊಂಡ ಮೇಲೆ ನಂಬಿಕೆಗೆ ಬಂದವರು. ಹದಿಮೂರು ವರ್ಷದ ಹಿಂದೆ ನಾನೇ ಅವರನ್ನು ನೀರಿನಲ್ಲಿ ಮುಳುಗಿಸಿ ಎಬ್ಬಿಸಿದೆ. ಅಂದಿನಿಂದ ಒಂದು ಭಾನುವಾರವೂ ತಪ್ಪಿಸಿದವರಲ್ಲ. ಅವರಿಗೆ ಓದುಬರಹ ಬಾರದು. ಖಾಲಿ ಚೀಟಿ ಹಿಡಿದು ನನ್ನ ಹತ್ತಿರ ಬಂದು, "ದೇವರಿಗೆ ಗೊತ್ತಿರೋದೇ ಅಲ್ವಾ ಅಯ್ಯನೋರೇ, ಬರೆಯೋದ್ಯಾಕೆ?" ಎಂದರು.

"ಬರೆದರೆ ಮನಸ್ಸು ಹಗುರ ಆಗ್ತದಮ್ಮ. ಹೇಳಿ, ನಾನು ಬರೀತೀನಿ" ಎಂದೆ.

ಅವರು ಹೇಳಿದರು: "ನಮ್ಮಕ್ಕ ಲಕ್ಕಮ್ಮಂಗೆ ಕಣ್ಣು ಕಾಣಲ್ಲ. ಅವ್ಳು ನಮ್ಮ ಮತಕ್ಕೆ ಬಂದೋಳಲ್ಲ. ಪ್ರತಿ ಮಂಗಳವಾರ ಅಮ್ಮನ ಗುಡಿಗೆ ಹೋಗ್ಬೇಕು ಅಂತಾಳೆ. ನಾನೇ ಕೈ ಹಿಡ್ಕೊಂಡು ಕರ್ಕೊಂಡ್ಹೋಗ್ತೀನಿ. ಬಾಗಿಲಲ್ಲಿ ಬಿಟ್ರೆ ಬಿದ್ದೋಗ್ತಾಳೆ ಅಂತ ಒಳಕ್ಕೂ ಹೋಗ್ತೀನಿ. ಅವ್ಳು ಕೈ ಮುಗಿಯೋವಾಗ ನಾನು ಸುಮ್ನೆ ನಿಂತ್ಕೊಂಡಿರ್ತೀನಿ. ಇದು ಯೇಸಪ್ಪನಿಗೆ ಬೇಜಾರಾಗ್ತದಾ ಅಂತ ಕೇಳಿ ಬರೀರಿ."

ಅವರು ಹೇಳಿದಂತೆಯೇ ಬರೆದೆ. ಬೇಜಾರಾಗುವುದಿಲ್ಲವಮ್ಮ ಎಂದು ಅಲ್ಲೇ ಹೇಳಿ ಕಳಿಸಬಹುದಾಗಿತ್ತು. ಪಾಲಕನೆಂದು ಇಟ್ಟುಕೊಂಡಿರುವುದು ಅದಕ್ಕೇ ಅಲ್ಲವೇ? ನಿಮ್ಮ ಕಾರ್ಯಕ್ರಮದಲ್ಲಿ ಹಾಗಿರಲಿಲ್ಲ, ಆದ್ದರಿಂದ ಬರೆದು ಲಕೋಟೆಗೆ ಹಾಕಿದೆ.

ಹತ್ತನೆಯ ದಿನ ಅಂಗಳದಲ್ಲಿ ಬೆಂಕಿ ಹಾಕಿ ಲಕೋಟೆಗಳನ್ನು ಸುಟ್ಟಿರಿ. ಜನ ಹಾಡುತ್ತಾ ಅತ್ತರು. ನಾನೂ ಅತ್ತೆ. ಸುಟ್ಟದ್ದು ಚೀಟಿ ತೆಗೆದಿಟ್ಟುಕೊಂಡ ಬರೀ ಲಕೋಟೆಗಳು ಎಂದು ನಮಗೆ ಗೊತ್ತಾದದ್ದು ಮಾರ್ಚಿನಲ್ಲಿ.

ಮಾರ್ಚಿನ ಸಭಾಕೂಟಕ್ಕೆ ನೀವೇ ಅಧ್ಯಕ್ಷರು. ಸಭೆಯನ್ನು ಶುದ್ಧಿ ಮಾಡದೆ ಉಜ್ಜೀವನ ಪೂರ್ತಿಯಾಗದು ಎಂದು ಅರ್ಧ ಗಂಟೆ ಮಾತಾಡಿ, ಚೀಲದಿಂದ ಒಂದು ಕಟ್ಟು ತೆಗೆದಿರಿ. ಮೇಲಿನ ಚೀಟಿಯ ಅಕ್ಷರ ನನ್ನದು. ಆರಡಿ ದೂರದಿಂದಲೇ ಗುರುತು ಸಿಕ್ಕಿತು. ನೀವು ಅದನ್ನು ಗಟ್ಟಿಯಾಗಿ ಓದಿದಿರಿ. ಮುಗಿಸಿ ಕೇಳಿದಿರಿ, "ಇದು ನಿಜವೋ ಅಲ್ಲವೋ?"

ಚಿಕ್ಕಮುನಿಯಮ್ಮ ಎದ್ದು ನಿಂತರು. ಅವರು ನೋಡಿದ್ದು ನಿಮ್ಮನ್ನಲ್ಲ, ನನ್ನನ್ನು. "ನಿಜ ಸ್ವಾಮಿ. ನಾನೇ ಹೇಳಿ ಬರೆಸಿದ್ದು."

"ಇನ್ನು ಮೇಲೆ ಗುಡಿಗೆ ಹೋಗುವುದಿಲ್ಲವೆಂದು ಮಾತು ಕೊಡುತ್ತೀರಾ?"

"ಅಕ್ಕ ಇರೋವರ್ಗೂ ಹೆಂಗೆ ಕೊಡ್ಲಿ?"

ನಮ್ಮ ಹಿರಿಯರಾದ ದೊರೆಸ್ವಾಮಿಯವರು, ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವರು, ಒಬ್ಬರೇ ಎದ್ದರು. "ನಮ್ಮಲ್ಲಿ ಬಿಷಪ್ಪರಿಲ್ಲ. ಪ್ರತಿ ಸಭೆಯೂ ತನ್ನ ಜನರನ್ನ ತಾನೇ ಸೇರಿಸ್ಕೊಳ್ತದೆ, ತಾನೇ ಬಿಡ್ತದೆ. ನಮ್ಮ ಪಟ್ಟಿಗೆ ಕೈ ಹಾಕೋಕೆ ಒಕ್ಕೂಟಕ್ಕೆ ಅಧಿಕಾರ ಕೊಟ್ಟೋರು ಯಾರು?" ಎಂದರು. ನೀವು ಬಹಳ ಸೌಮ್ಯವಾಗಿ, "ಸಹೋದರರು ಪವಿತ್ರಾತ್ಮನನ್ನು ತಡೆಯುತ್ತಿದ್ದಾರೆ" ಎಂದು ಹೇಳಿ, ಅವರ ಹೆಸರನ್ನು ಹೊರಗೆ ಹಾಕುವವರ ಪಟ್ಟಿಗೆ ಹದಿನೇಳನೆಯದಾಗಿ ಸೇರಿಸಿಕೊಂಡಿರಿ. ಎಷ್ಟು ಸಲೀಸಾಗಿ ಮುಗಿಸಿದಿರಿ. ಆಮೇಲೆ ಕೈಗಳು ಎದ್ದವು. ಮಿಕ್ಕವರಿಂದ ನಿಮ್ಮ 'ನವೀಕರಣ ಪ್ರತಿಜ್ಞೆ'ಗೆ ರುಜು ಹಾಕಿಸಿಕೊಂಡಿರಿ. ಇನ್ನು ಮೇಲೆ ಪಾಲಕನನ್ನು ನೇಮಿಸುವುದೂ ತೆಗೆಯುವುದೂ ಒಕ್ಕೂಟ ಎಂಬುದು ಅದರ ಒಂಬತ್ತನೆಯ ಅಂಶ. ಉಜ್ಜೀವನವಾಯಿತು, ಖಂಡಿತ ಆಯಿತು. ಆದದ್ದು ನಿಮ್ಮ ಕಚೇರಿಗೆ.

ಆ ದಿನ ನಾನು ಕೈ ಎತ್ತಲಿಲ್ಲ. ಬಾಯಿಯನ್ನೂ ಬಿಡಲಿಲ್ಲ. ಕಾರಣ ನಿಮಗೆ ಗೊತ್ತು. ಆ ಕಟ್ಟಿನಲ್ಲಿ ನನ್ನ ಚೀಟಿಯೂ ಇತ್ತು. ನೀವು ಅದನ್ನು ಓದಲಿಲ್ಲ. ಚೀಲಕ್ಕೆ ಹಾಕಿಕೊಳ್ಳುವಾಗ ಒಮ್ಮೆ ನನ್ನ ಕಡೆ ನೋಡಿ ನಕ್ಕಿರಿ, ಅಷ್ಟೇ. ಅದರಲ್ಲಿ ಏನಿದೆಯೆಂದು ಇಲ್ಲಿ ನಾನೇ ಹೇಳುತ್ತೇನೆ, ನಿಮಗೆ ಆ ಶ್ರಮ ಬೇಡ. "ಎರಡು ವರ್ಷದಿಂದ ನಾನು ಪ್ರಾರ್ಥಿಸುವಾಗ ಯಾರೂ ಕೇಳುತ್ತಿಲ್ಲವೇನೋ ಅನ್ನಿಸುತ್ತಿದೆ." ಪಾಲಕನೊಬ್ಬ ಹೀಗೆ ಬರೆದದ್ದು ಹೊರಬಿದ್ದರೆ ಅವನ ಕೆಲಸ ಹೋಯಿತು. ಆ ಹೆದರಿಕೆಯಿಂದ, ನನ್ನ ಕೈಯಾರೆ ದೀಕ್ಷೆ ಕೊಟ್ಟ ಹೆಂಗಸು ಬಾಗಿಲು ದಾಟಿ ಹೋಗುವುದನ್ನು ಕುಳಿತು ನೋಡಿದೆ. ನಮ್ಮ ತಂದೆಯವರು ಕ್ರೈಸ್ತರಾದಾಗ ಚಿಕ್ಕಪೇಟೆಯ ನಮ್ಮ ಮನೆತನದವರು ಅವರನ್ನು ಹೊರಗೆ ಹಾಕಿದರು. ಆದರೆ ಆ ಮನೆತನದವರು ಯಾವ ಚೀಟಿಯನ್ನೂ ಬರೆಸಿಕೊಂಡಿರಲಿಲ್ಲ.

ನಾಲ್ಕು ದಿನ ಬಿಟ್ಟು ಕಲಾಸಿಪಾಳ್ಯಕ್ಕೆ ಹೋದೆ. ಚಿಕ್ಕಮುನಿಯಮ್ಮ ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದರು. ತಪ್ಪಾಯಿತಮ್ಮ ಎಂದೆ. ಅವರು ಕೈ ಒರೆಸಿಕೊಂಡು ಹೇಳಿದರು: "ನಿಮ್ಮೇಲೆ ಕೋಪ ಇಲ್ಲ ಅಯ್ಯನೋರೇ. ಆದ್ರೆ ಮೊದ್ಲು ಬೆಳಿಗ್ಗೆ ಎದ್ದು ಬಾಯ್ಬಿಟ್ಟು ಪ್ರಾರ್ಥನೆ ಮಾಡ್ತಿದ್ದೆ. ಈಗ ಆಗಲ್ಲ. ಯಾರೋ ಗೋಡೆ ಆಚೆ ನಿಂತು ಕೇಳಿಸ್ಕೊಂಡು ಬರ್ಕೊಳ್ತಾ ಇದಾರೆ ಅನ್ನಿಸ್ತದೆ."

ಮಾನ್ಯರೇ, ಇದಕ್ಕೆ ನಿಮ್ಮ ಬಳಿ ಯಾವ ಪ್ರತಿಜ್ಞೆಯ ಯಾವ ಅಂಶವಿದೆ?

ಹೋದ ತಿಂಗಳು ಎರಡನೆಯ ಭಾನುವಾರ ನಾನು ಎಲ್ಲವನ್ನೂ ಸಭೆಯ ಮುಂದೆ ಹೇಳಿದೆ, ನನ್ನ ಚೀಟಿಯ ಸಂಗತಿಯನ್ನೂ. ಎರಡು ಗಂಟೆ ಮಾತು ನಡೆಯಿತು. ಹಳೆಯ ಉಪಾಧ್ಯಾಯಿನಿ ಗಿರಿಜಾಂಬಾ ಅವರು, "ನೀವು ಬಾಯಿ ಬಿಟ್ಟಿದ್ದರೆ ನಾವು ಕೈ ಎತ್ತುತ್ತಿರಲಿಲ್ಲ. ಆದರೂ ಎತ್ತಿದ ಕೈ ನಮ್ಮದೇ" ಎಂದರು. ಕೊನೆಗೆ ಹದಿನೇಳು ಹೆಸರುಗಳನ್ನೂ ಪಟ್ಟಿಗೆ ಮರಳಿ ಬರೆದರು. ಪ್ರತಿಜ್ಞೆಯನ್ನು ರದ್ದು ಮಾಡಿದರು. ನನ್ನನ್ನು ಮೂರು ತಿಂಗಳು, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಿಂದ ದೂರ ಇಟ್ಟರು. ಎಲ್ಲವನ್ನೂ ನನ್ನ ಮುಖ ನೋಡಿಯೇ ಹೇಳಿದರು. ಮನೆಗೆ ಹೋಗುವಾಗ ನನಗೆ ನಾಚಿಕೆಯಾಗಿತ್ತು, ಆದರೆ ಎರಡು ವರ್ಷದಲ್ಲಿ ಮೊದಲ ಬಾರಿಗೆ ಪ್ರಾರ್ಥಿಸಬೇಕು ಅನ್ನಿಸಿತು. ನೀವು ಹತ್ತು ದಿನ ಧ್ವನಿವರ್ಧಕ ಕಟ್ಟಿ ಹುಡುಕಿದ್ದು ಬಹುಶಃ ಇಂಥದ್ದನ್ನೇ.

ಹತ್ತೇ ದಿನದಲ್ಲಿ ನಮ್ಮದು 'ಶಿಸ್ತು ಮೀರಿದ ಸಭೆ' ಎಂದು ನಿಮ್ಮ ಸುತ್ತೋಲೆ ಬಂತು. ಪತ್ರಕ್ಕೆ ಉತ್ತರ ಕೊಡದ ಕಚೇರಿಯಿಂದ ಸುತ್ತೋಲೆ ಎಷ್ಟು ಬೇಗ ಬರುತ್ತದೆ.

ಇತರ ಸಭೆಗಳ ಪಾಲಕರಿಗೆ ನನ್ನದು ಒಂದೇ ಮಾತು. ಉಜ್ಜೀವನ ಬೇಕು. ಆದರೆ ಅದನ್ನು ತಂದೆವೆಂದು ಬಂದವರು ನಿಮ್ಮ ಜನರ ಗುಟ್ಟನ್ನು ಕೇಳಿದರೆ, ಮೊದಲು ತಮ್ಮದನ್ನು ಹೇಳಲಿ ಎನ್ನಿ. ಪಟ್ಟಿ ಕೇಳಿದರೆ ಕೊಡಬೇಡಿ. ನನ್ನ ಹಾಗೆ ತಟ್ಟೆ ಹಿಡಿಯಬೇಡಿ.

ಕಾರ್ಯದರ್ಶಿಗಳೇ, ನಿಮ್ಮಿಂದ ಕೇಳುವುದಿಷ್ಟು. ಇದೇ ತಿಂಗಳ ಇಪ್ಪತ್ತಾರರ ಭಾನುವಾರ ನೀವು ಚಾಮರಾಜಪೇಟೆಗೆ ಬರಬೇಕು. ನಮ್ಮವರ ಅರವತ್ತೆರಡು ಚೀಟಿಗಳನ್ನೂ ತಂದು ಬರೆದವರ ಕೈಗೇ ಒಂದೊಂದಾಗಿ ಕೊಡಬೇಕು. ನಕಲು ಮಾಡಿಸಿದ್ದರೆ ಅದನ್ನೂ ತರಬೇಕು. ಚಿಕ್ಕಮುನಿಯಮ್ಮನವರು ಆ ದಿನ ಬರುವುದಿಲ್ಲ, ಪಟ್ಟಿಯಲ್ಲಿ ಹೆಸರು ಮರಳಿ ಬರೆದರೂ ಅವರು ಇನ್ನೂ ಬಂದಿಲ್ಲ. ಅವರದನ್ನು ನೀವೇ ಅವರಿದ್ದಲ್ಲಿಗೆ ನಡೆದು ಹೋಗಿ ಕೊಡಬೇಕು. ಅವರು ನಿಮ್ಮನ್ನು ಬೈಯುವುದಿಲ್ಲ. ಅದಕ್ಕೆ ಸಿದ್ಧರಾಗಿ ಬನ್ನಿ.

ಇಂತಿ,
ನಿಮ್ಮನ್ನು ನಂಬಿ, ತನ್ನನ್ನು ನಂಬಿದವರನ್ನು ಕಳೆದುಕೊಂಡ,
ಸದ್ಯಕ್ಕೆ ತನ್ನದೇ ಸಭೆಯ ಹಿಂದಿನ ಬೆಂಚಿನಲ್ಲಿ ಕುಳಿತಿರುವ ಪಾಲಕ
ಸಮುವೇಲ ಏಕಾಂತಯ್ಯ