ಬಣ್ಣ ಒರೆಸಿದ ಸರಳುಗಳು

ವೇಲಚೇರಿ, ಚೆನ್ನೈ
20 ಅಕ್ಟೋಬರ್ 2003

ತ್ರಿಪ್ಲಿಕೇನಿನ ನನ್ನ ಹಟಮಾರಿ ಸೋದರಮಾವ ವಿಷ್ಣುತೀರ್ಥರಿಗೆ, ಅಷ್ಟೇ ಹಟಮಾರಿ ಸೊಸೆಯ ನಮಸ್ಕಾರ.

ಮಾವ, ನಿನ್ನೆ ನೀವು ಫೋನಿನಲ್ಲಿ ಅಂದದ್ದು ಇನ್ನೂ ಕಿವಿಯಲ್ಲಿದೆ. "ಸಣ್ಣ ವಿಷಯಕ್ಕೆ ರಂಪ ಮಾಡ್ಬೇಡ ಕಣೇ. ಮಧುಸೂದನ್ ಹತ್ರ ಹೋಗಿ ತಪ್ಪಾಯ್ತು ಅಂದ್ಬಿಡು. ನನ್ನ ಮುಖ ನೋಡಿ ಕೆಲಸ ಕೊಟ್ಟವನು ಅವನು." ಇಷ್ಟು ಹೇಳಿ ಫೋನ್ ಇಟ್ಟುಬಿಟ್ಟಿರಿ. ಕಾಗದವನ್ನಾದರೆ ಮಧ್ಯದಲ್ಲಿ ತಡೆಯಲಾರಿರಿ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಂಬತ್ತೂರಿನ ಕಾರ್ಖಾನೆಯಲ್ಲಿ ಎರಡು ಥರದ ಅಲ್ಯುಮಿನಿಯಂ ಸರಳುಗಳಿವೆ. ಒಂದು 7075, ವಿಮಾನದ್ದು. ಸತು ಬೆರೆಸಿ, ಕಾಯಿಸಿ ಹದ ಮಾಡಿದ್ದು. ತೂಕ ಉಕ್ಕಿನ ಮೂರನೇ ಒಂದು ಪಾಲು, ಬಲದಲ್ಲಿ ಎಷ್ಟೋ ಉಕ್ಕುಗಳಿಗೆ ಸಮ. ವೆಲ್ಡಿಂಗ್ ಮಾತ್ರ ಅದಕ್ಕೆ ಆಗಿಬರುವುದಿಲ್ಲ, ಬಿರುಕು ಬಿಡುತ್ತದೆ. ಹಾಗಾಗಿ ಇಡೀ ತುಂಡಿನಿಂದಲೇ ಕಡೆದು ತೆಗೆಯುತ್ತೇವೆ. ಇನ್ನೊಂದು 6061, ಏಣಿಗೂ ಸೈಕಲ್ಲಿಗೂ ಧಾರಾಳ ಸಾಕು. ಪಕ್ಕಪಕ್ಕ ಇಟ್ಟರೆ ನೀವೂ ಗುರುತು ಹಿಡಿಯಲಾರಿರಿ. ಅದಕ್ಕೆಂದೇ ತುದಿಗೆ ಬಣ್ಣ ಹಚ್ಚಿರುತ್ತಾರೆ, 7075ಕ್ಕೆ ಕೆಂಪು, 6061ಕ್ಕೆ ಹಸಿರು.

ಆಯುಧಪೂಜೆಯ ಹಿಂದಿನ ದಿನ ನಾನು ರಜೆಯಲ್ಲಿದ್ದೆ. ಸ್ಟೋರ್ಸಿನ ಬಾಬು, ಐವತ್ತೈದು ವರ್ಷದ ಮಹಾಭಕ್ತರು, ಅಷ್ಟೂ ಸರಳುಗಳ ತುದಿಯ ಬಣ್ಣವನ್ನು ಥಿನ್ನರಿನಲ್ಲಿ ಒರೆಸಿ ತೆಗೆದು ಚಂದನ ಕುಂಕುಮ ಇಟ್ಟುಬಿಟ್ಟರು. ಆಮೇಲೆ ಕೇಳಿದರೆ, "ಪೂಜೈಕ್ಕು ಪಳಪಳನ್ನು ಇರುಕ್ಕ ವೇಂಡಾಮಾ, ಅಮ್ಮಾ?" ಎಂದರು. ಪೂಜೆಗೆ ಫಳಫಳ ಹೊಳೆಯಬೇಡವೇ ಅಂತ. ಪಾಪ, ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ನನಗೆ ಗೊತ್ತಾಗುವಷ್ಟರಲ್ಲಿ ಆ ಸರಳುಗಳಿಂದ ವಿಮಾನದ ರೆಕ್ಕೆಗೆ ಹೋಗುವ ಅರವತ್ತು ಬ್ರಾಕೆಟ್ ತಯಾರಾಗಿದ್ದವು.

ಪರೀಕ್ಷೆ ಮಾಡಿ ಸಹಿ ಹಾಕುವುದು ನನ್ನ ಕೆಲಸ. ಪುಟ್ಟ ಉಕ್ಕಿನ ಗುಂಡನ್ನು ಒತ್ತಿ, ಬಿದ್ದ ತಗ್ಗನ್ನು ಒಂದೊಂದರಲ್ಲೂ ಅಳೆದೆ. ಹನ್ನೊಂದರಲ್ಲಿ ಲೋಹ ಮೆದುವಾಗಿದ್ದು ತಗ್ಗು ಆಳವಾಗಿ ಬಿತ್ತು. ಹನ್ನೊಂದೂ ಏಣಿಯ ಲೋಹ ಮಾವ. ಮಧುಸೂದನ್‌ಗೆ ತೋರಿಸಿದೆ. "ಅದೂ ಅಲ್ಯುಮಿನಿಯಮ್ಮೇ ಅಲ್ವೇನಮ್ಮ, ಸುಮ್ನೆ ಸಹಿ ಹಾಕು" ಎಂದರು. ಹಾಕಲಿಲ್ಲ. ಶನಿವಾರ ತಾವೇ ಸಹಿ ಮಾಡಿ ಅರವತ್ತನ್ನೂ ಪೆಟ್ಟಿಗೆಗೆ ತುಂಬಿಸಿದರು. ಕ್ಷಮೆ ಕೇಳುವವರೆಗೆ ಕೆಲಸಕ್ಕೆ ಬರಬೇಡ ಎಂದು ನನ್ನನ್ನು ಮನೆಗೆ ಕಳಿಸಿದರು. ಇದು ಸಣ್ಣ ವಿಷಯವೇ?

ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಬೋಗಿಯ ಚಕ್ರ ತಟ್ಟಿ ನೋಡಿದವರು ನೀವು. ಬಿರುಕು ಬಿಟ್ಟ ಚಕ್ರವನ್ನು ಯಾವ ಸಾಹೇಬ ಗದರಿದರೂ ಹೊರಗೆ ಬಿಡಲಿಲ್ಲವೆಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಿರಿ. ನಾನು ಎಂಜಲು ಕೈ ಒಣಗಿದರೂ ಏಳದೆ ಕೇಳುತ್ತಿದ್ದೆ. ಅಂಥವರು ಗೆಳೆಯನ ಮುಖ ನೋಡಿ ನನ್ನ ಬಾಯಿ ಮುಚ್ಚಿಸಲು ಬಂದಿರಲ್ಲ, ನನಗೆ ಸಿಟ್ಟು ಬಂದಿದೆ. ಸಿಟ್ಟಿಗಿಂತ ದುಃಖವೇ ಹೆಚ್ಚು.

ನಾನು ತಪ್ಪಾಯಿತು ಅನ್ನುವುದಿಲ್ಲ. ಇವತ್ತು ಬೆಳಿಗ್ಗೆ ಎಸ್‌ಟಿಡಿ ಬೂತಿಗೆ ಹೋಗಿ, ಬ್ರಾಕೆಟ್ ಕೊಳ್ಳುವ ಕಂಪನಿಗೆ ಅರವತ್ತರ ಅಳತೆಯನ್ನೂ ಫ್ಯಾಕ್ಸ್ ಮಾಡಿದೆ. ಕೆಳಗೆ ನನ್ನ ಹೆಸರು, ವಿಳಾಸ ಎರಡೂ ಇವೆ. ಪೆಟ್ಟಿಗೆ ಇನ್ನೂ ಲಾರಿಯಲ್ಲಿದೆ. ಕೆಲಸ ಹೋಯಿತೆಂದೇ ತಿಳಿಯಿರಿ, ಇನ್ನೊಂದು ಹುಡುಕಿಕೊಳ್ಳುತ್ತೇನೆ.

ಮಧುಸೂದನ್ ನಿಮ್ಮ ಮನೆಗೆ ಬಂದೇ ಬರುತ್ತಾರೆ. ಈ ಹುಡುಗಿಗೆ ಇದನ್ನೆಲ್ಲ ಯಾರು ಕಲಿಸಿದರು ಎಂದು ಕೂಗಾಡುತ್ತಾರೆ. ತಲೆ ತಗ್ಗಿಸಬೇಡಿ ಮಾವ. ನಾನೇ ಕಲಿಸಿದ್ದು ಅನ್ನಿ.

ನಿಮ್ಮ ಆರೋಗ್ಯ ಚೆನ್ನಾಗಿರಲಿ. ನೀವು ಆಶೀರ್ವಾದ ಮಾಡದಿದ್ದರೂ ಬಂದು ಕಾಲಿಗೆ ಬೀಳುವ,
ವಂದನಾ