ಮೂರನೇ ಪಂಪಿನ ಸದ್ದು

ಭಾನುವಾರ, ಜೂನ್ ೭

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಬಂದು ಮೇಜಿನ ಮೇಲೆ ಕೂತು ಎಷ್ಟೋ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಕೆನಿಸಿದರೆ ಬೈದುಕೋ, ಆ ವಿದ್ಯೆಯಲ್ಲಿ ನೀನು ನಿನ್ನಜ್ಜಿಯನ್ನೂ ಮೀರಿಸಿದವಳು. ನಾವಿಬ್ಬರೂ ಚೆನ್ನಾಗಿದ್ದೇವೆ. ಅಡುಗೆಮನೆಯ ನಲ್ಲಿಯನ್ನು ತಾವೇ ರಿಪೇರಿ ಮಾಡುತ್ತೇನೆಂದು ಹೊರಟ ನಿಮ್ಮಪ್ಪ ಮನೆಯನ್ನೆಲ್ಲ ಕೆರೆ ಮಾಡಿದರು. ಊರಿಗೆ ನೀರು ಕಳಿಸುವ ಇಂಜಿನಿಯರ್ ಹೆಂಡತಿ ಪಕ್ಕದ ಕೋಣೆಯಲ್ಲೇ ಇದ್ದಳಲ್ಲ, ಒಂದು ಮಾತು ಕೇಳಬಾರದಿತ್ತೇ ಎಂದೆ. ಅವತ್ತೆಲ್ಲ ಮಾತು ಬಿಟ್ಟರು.

ನನ್ನ ಕೈಕೆಳಗೆ ಬಂದ ಹೊಸ ಹುಡುಗಿ ಹೇಗಿದ್ದಾಳೆಂದು ಕೇಳಿದ್ದೆಯಲ್ಲ. ಸದಾ ನನ್ನ ಹಿಂದೆ ಸುತ್ತುತ್ತಾಳೆಂದು ಪಂಪ್‌ಹೌಸಿನವರು ಅವಳಿಗೆ ಮರಿ ಮೇಡಂ ಎಂದು ಹೆಸರಿಟ್ಟಿದ್ದಾರೆ. ಕಾಲೇಜಿನಿಂದ ನೇರ ಇಲ್ಲಿಗೆ ಬಂದಾಗ ಅವಳ ಬಾಯಲ್ಲಿ ಇದ್ದದ್ದು ‘ಅನ್ಸತ್ತೆ’, ‘ಇರಬಹುದೇನೋ’ ಅಷ್ಟೇ. ಲೆಕ್ಕ ಸರಿಯಾಗಿ ಹಾಕಿರುತ್ತಿದ್ದಳು, ಯಾರಾದರೂ ಹುಬ್ಬು ಗಂಟಿಕ್ಕಿದರೆ ಸಾಕು, ತಪ್ಪು ತನ್ನದೇ ಎಂದುಬಿಡುತ್ತಿದ್ದಳು. ನೋಡಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಹಾಗಾಗಿ ನಾನು ಅವಳಿಗೆ ಕಲಿಸಿದ್ದರಲ್ಲಿ ಯಂತ್ರದ ವಿಷಯ ಕಮ್ಮಿ. ಮೀಟಿಂಗಿನಲ್ಲಿ ಟೀ ಹಂಚಲು ಏಳಬೇಡ, ಕೂತಿರು ಎಂದೆ. ಏನು, ಎಲ್ಲಿ, ಯಾವಾಗಿನಿಂದ, ಇಷ್ಟು ಹೇಳಿ ಬಾಯಿ ಮುಚ್ಚು ಎಂದೆ. ಯಂತ್ರ ಬಿಚ್ಚುವ ಮೊದಲೇ ನಿನ್ನ ಅಭಿಪ್ರಾಯ ಬರೆದು ಸಹಿ ಹಾಕು, ಬಿಚ್ಚಿದ ಮೇಲೆ ಎಲ್ಲರೂ ಜಾಣರೇ ಎಂದೆ. ಜೊತೆಗೆ ಸದ್ದು ಕೇಳುವುದನ್ನು ಕಲಿಸಿದೆ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಒಳಗಿನದೆಲ್ಲ ಕೇಳುತ್ತದೆ. ಬೇಗ ಹಿಡಿದುಕೊಂಡಳು.

ಹೋದ ಮಂಗಳವಾರ ಬೆಳಿಗ್ಗೆ ಅವಳು ಮ್ಯಾನೇಜರ ಕೋಣೆಗೆ ನನ್ನನ್ನೂ ಕರೆದುಕೊಂಡು ನುಗ್ಗಿದಳು.

“ಮೂರನೇ ಪಂಪ್ ನಿಲ್ಲಿಸ್ಬೇಕು ಸರ್. ಮೋಟಾರ್ ಕಡೆ ಬೇರಿಂಗಲ್ಲಿ ಮರಳು ಅಗಿದ ಹಾಗೆ ಕರಕರ ಅಂತಿದೆ. ನಿನ್ನೆ ಇರಲಿಲ್ಲ.”

ಮ್ಯಾನೇಜರ್ ಕೆಟ್ಟವನಲ್ಲ, ಆದರೆ ನೀರು ನಿಂತರೆ ಊರಿನ ಬೈಗುಳವೆಲ್ಲ ಬಂದು ಬೀಳುವುದು ಅವನ ತಲೆಯ ಮೇಲೆ. ಒಂದು ಪಂಪು ಆಗಲೇ ರಿಪೇರಿಗೆ ಹೋಗಿತ್ತು. ಇದೂ ನಿಂತರೆ ಅರ್ಧ ಊರಿನ ನಲ್ಲಿ ಒಣಗುತ್ತದೆ. ಅದುರುವಿಕೆ ಅಳೆಯುವ ಮೀಟರ್ ತರಿಸಿ ನೋಡಿದ. ಎಲ್ಲ ಸರಿಯಾಗಿದೆ ಎಂದಿತು ಅದು. ಆಗ ಅವನು ಅವಳಿಗೆ ನಿಧಾನವಾಗಿಯೇ ಹೇಳಿದ: ಈ ತಿಂಗಳು ನಿನ್ನ ತರಬೇತಿ ಮುಗಿಯುತ್ತದೆ, ಬಿಚ್ಚಿ ನೋಡಿ ಏನೂ ಸಿಗದಿದ್ದರೆ ನಿನ್ನನ್ನು ಖಾಯಂ ಮಾಡಿ ಎಂದು ನಾನು ಬರೆಯಲಾರೆ, ಯೋಚಿಸಿ ಹೇಳು.

ಅವಳ ಮುಖ ಬಿಳಿಚಿಕೊಂಡಿತು. ಈಗ ಬಂತು ‘ಅನ್ಸತ್ತೆ’ ಎಂದು ನಾನು ಹಲ್ಲು ಕಚ್ಚಿಕೊಂಡೆ.

“ಸದ್ದು ಇದೆ ಸರ್,” ಎಂದಳು.

ಅವನು ನನ್ನ ಕಡೆ ತಿರುಗಿದ. ನೀವು ಕೇಳಿ ಹೇಳಿ ಮೇಡಂ, ನಿಮ್ಮ ಮಾತೇ ಕೊನೆ ಎಂದ. ಪಂಪಿನ ಹತ್ತಿರ ಹೋಗಿ ಸ್ಕ್ರೂಡ್ರೈವರನ್ನು ಕಿವಿಗೆ ಒತ್ತಿಕೊಂಡು ನಿಂತೆ. ಆಮೇಲೆ ‘ನಿಲ್ಲಿಸಿ’ ಎಂದೆ.

ಬಿಚ್ಚುವ ಮೊದಲು ಅವಳು ಬರೆದು, ಸಹಿ ಹಾಕಿ, ಕಾಗದವನ್ನು ಅವನ ಮೇಜಿನ ಮೇಲಿಟ್ಟಳು. ಸಹಿ ನೆಟ್ಟಗಿತ್ತು. ಮಧ್ಯಾಹ್ನ ಬೇರಿಂಗ್ ಹೊರಬಂತು. ಒಳಗಿನ ಗುಂಡುಗಳ ಮೈತುಂಬ ಸಿಡುಬಿನಂಥ ಗುಳಿ, ಹೊರಗಿನ ಬಳೆಯಲ್ಲಿ ಉದ್ದಕ್ಕೆ ಬಿರುಕು. ಹಾಗೇ ಓಡಿಸಿದ್ದರೆ ಶಾಫ್ಟೇ ಹೋಗಿ ಊರು ವಾರಗಟ್ಟಲೆ ನೀರಿಗೆ ಬಾಯಿ ಬಾಯಿ ಬಿಡಬೇಕಿತ್ತು. ನಿಮ್ಮ ಕಿವಿ ಅಂದ್ರೆ ಕಿವಿ ಮೇಡಂ ಎಂದ ಮ್ಯಾನೇಜರ್.

“ಕಾಗದದಲ್ಲಿರೋ ಸಹಿ ನೋಡಿ ಸರ್. ನನ್ನದಲ್ಲ,” ಎಂದೆ.

ನೋಡಿದ. ಸಂಜೆಯೊಳಗೆ ಖಾಯಂ ಮಾಡಲು ಬರೆದೂ ಕಳಿಸಿದ. ಮರಿ ಮೇಡಂ ಅಳಲೂ ಇಲ್ಲ, ನಗಲೂ ಇಲ್ಲ. ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ, ಗೋಡೆಗೆ ಒರಗಿ ಡಬ್ಬಿ ತೆರೆದು ಗಬಗಬ ತಿಂದಳು. ನನಗೆ ಹೊಟ್ಟೆ ತುಂಬಿತು. ಮುಂದಿನ ತಿಂಗಳು ಇನ್ನಿಬ್ಬರು ಹುಡುಗಿಯರು ಬರುತ್ತಾರೆ, ಅವರಿಗೆ ಕಲಿಸುವ ಭಾರ ಅವಳ ಮೇಲೇ ಹಾಕುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು, ತಲೆ ಎತ್ತಿ ನಡೆ. ನೀನು ಹಿಡಿದ ಕೆಲಸ ನಿನ್ನ ಕೈಯಲ್ಲೇ ಪೂರ್ತಿಯಾಗಲಿ, ನೂರು ಕಾಲ ಸುಖವಾಗಿರು.

ನಿನ್ನ
ಅಮ್ಮ

ಮತ್ತೆ: ಇದು ಮರೆತು ಕೊನೆಗೆ ಬರೆದದ್ದಲ್ಲ ಪುಟ್ಟಿ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅವತ್ತು ನನಗೆ ಆ ಕರಕರ ಕೇಳಿಸಲೇ ಇಲ್ಲ. ಇಷ್ಟು ವರ್ಷ ಆ ಯಂತ್ರಗಳ ನಡುವೆ ನಿಂತು ಎರಡೂ ಕಿವಿ ಮಂದವಾಗಿವೆ. ಅವಳನ್ನು ನಂಬಿ ‘ನಿಲ್ಲಿಸಿ’ ಎಂದೆ. ನಾಳೆ ಮ್ಯಾನೇಜರಿಗೆ ನಾನೇ ಇದನ್ನು ಹೇಳಿ, ಸದ್ದು ಕೇಳುವ ಕೆಲಸವನ್ನು ಅವಳಿಗೆ ಒಪ್ಪಿಸಿ, ಕಿವಿ ಡಾಕ್ಟರ ಹತ್ತಿರ ಹೋಗುತ್ತೇನೆ. ಅದರಲ್ಲಿ ನನಗೆ ಸಂಕಟವೇನಿಲ್ಲ.

ಸಂಕಟ ಬೇರೆಯದು. ಹೋದ ತಿಂಗಳು ನೀನು ಫೋನು ಮಾಡಿದಾಗ ನಿನ್ನ ಮಾತು ಒಂದೂ ತಿಳಿಯಲಿಲ್ಲ. ಕೇಳಿಸುತ್ತಿಲ್ಲ ಎನ್ನಲು ನಾಚಿಕೆಯಾಗಿ, ನೀನು ನಿಲ್ಲಿಸಿದಾಗಲೆಲ್ಲ ‘ಒಳ್ಳೇದಾಯ್ತು ಬಿಡು’ ಎನ್ನುತ್ತಾ ಹೋದೆ. ಲ್ಯಾಬಿನಲ್ಲಿ ನಿನ್ನ ಪ್ರಯೋಗವನ್ನು ಕಿತ್ತು ಇನ್ನೊಬ್ಬನಿಗೆ ಕೊಟ್ಟರೆಂದು ಅವತ್ತು ನೀನು ಅಳುತ್ತಿದ್ದೆಯಂತೆ. ಆಮೇಲೆ ಅಪ್ಪನ ಹತ್ತಿರ ‘ಅಮ್ಮನಿಗೆ ಆ ಹುಡುಗಿ ಒಬ್ಬಳಿದ್ದರೆ ಸಾಕು’ ಎಂದೆಯಂತೆ. ನಿಮ್ಮಪ್ಪ ನಿನ್ನೆ ಹೇಳಿದರು.

ಅವತ್ತು ಹೇಳಿದ್ದನ್ನೆಲ್ಲ ಮೊದಲಿನಿಂದ ಬರೆದು ಕಳಿಸು. ಒಂದು ಮಾತೂ ಬಿಡಬೇಡ. ಅಳು ಬಂದ ಕಡೆ ಇಲ್ಲಿ ಅಳು ಬಂತು ಎಂದೂ ಬರೆ.